ಗುಂಡಿಯ ತಲೆಗೆ ಮಾವ ಹೊಲಿದ ಟೋಪಿ

ನಮ್ಮ ಮಾವನಿಗೆ ಜನರ ಹೆಸರು ನೆನಪಿರುವುದಿಲ್ಲ, ಮುಖವೂ ಅಷ್ಟಕ್ಕಷ್ಟೇ. ತಲೆ ಮಾತ್ರ ಒಮ್ಮೆ ಅವನ ಕೈಗೆ ಸಿಕ್ಕಿತೆಂದರೆ ಮುಗಿಯಿತು, ಜನ್ಮದಲ್ಲಿ ಮರೆಯುವವನಲ್ಲ. ರಸ್ತೆಯಲ್ಲಿ ಯಾರಾದರೂ ನಿಂತು ಮಾತಾಡಿಸಿದರೆ ಇವನು ಹಲ್ಲು ಕಿರಿಯುತ್ತಾ ಅವರ ಕಿವಿಯ ಮೇಲ್ಭಾಗವನ್ನೇ ದಿಟ್ಟಿಸುತ್ತಾನೆ. ಅವರು ಅತ್ತ ಹೋದ ಮೇಲೆ, "ಯಾರೇ ಅದು?" ಎಂದು ನನ್ನನ್ನು ಕೇಳುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ, "ಹಿಂದ್ಗಡೆ ಚಪ್ಪಟೆ, ಎಡಗಡೆ ಒಂಚೂರು ಉಬ್ಬು. ಬ್ಯಾಂಡಲ್ಲಿ ಕಹಳೆ ಊದ್ತಿದ್ನಲ್ಲ, ಅವನೇ ತಾನೇ?" ಎಂದು ತಾನೇ ಉತ್ತರ ಕೊಟ್ಟುಕೊಳ್ಳುತ್ತಾನೆ. ಅವನೇ ಆಗಿರುತ್ತಾನೆ. ಬಸ್ಸಿನಲ್ಲಂತೂ ಇವನ ಪಕ್ಕ ಕೂರಲು ನನಗೆ ನಾಚಿಕೆ. ಮುಂದಿನ ಸೀಟಿನವರ ತಲೆಯನ್ನು ಹಿಂದಿನಿಂದ ನೋಡಿ, "ಎಂಥಾ ತಲೆ! ಬರಿದಾಗಿ ಬಿಟ್ಕೊಂಡು ಓಡಾಡ್ತಿದಾರಲ್ಲೇ!" ಎಂದು ನಿಟ್ಟುಸಿರು ಬಿಡುತ್ತಾನೆ, ಅದೂ ಪಿಸುದನಿಯಲ್ಲಲ್ಲ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಟೋಪಿ ಹೊಲಿಯುವುದು ಅವನ ಕಸುಬು. ಊರಿಗೆಲ್ಲ ಟೋಪಿ ಹಾಕಿದವನು ಎಂದು ಅವನನ್ನು ಪರಿಚಯಿಸುವುದು ನಮ್ಮ ಮನೆಯ ಹಳೆಯ ತಮಾಷೆ. ಅವನಿಗೆ ಅದು ಸಾಕಾಗಿಹೋಗಿದೆ, ನಮಗಿನ್ನೂ ಆಗಿಲ್ಲ. ಅತ್ತೆಯನ್ನು ಅವನು ಮೆಚ್ಚಿದ್ದೂ ತಲೆ ನೋಡಿಯೇ. ಬಿಸಿಲಿಗೆಂದು ಟೋಪಿ ಕೊಳ್ಳಲು ಬಂದವಳ ತಲೆಗೆ ಟೇಪು ಸುತ್ತಿ, ಒಮ್ಮೆ ಅಳೆದು, ಮತ್ತೊಮ್ಮೆ ಅಳೆದು, ಮೂರನೆಯ ಸಲ ಅಳೆಯಲು ಹೋದಾಗ ಅವಳು, "ಏನ್ರೀ, ನನ್ ತಲೆ ಅಷ್ಟರಲ್ಲೇ ಬೆಳೀತಾ?" ಎಂದು ಗದರಿಸಿದಳಂತೆ. ಅಂದಿನಿಂದ ಇಂದಿನವರೆಗೂ ಗದರುತ್ತಲೇ ಇದ್ದಾಳೆ. ಇವನು ಕೇಳಿಸಿಕೊಳ್ಳುತ್ತಲೇ ಇದ್ದಾನೆ. ನಾನು ನೋಡಿದ ದಾಂಪತ್ಯಗಳಲ್ಲಿ ಇದಕ್ಕಿಂತ ಸುಖವಾದದ್ದು ಇನ್ನೊಂದಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಮರದ ತಲೆಗಳು. ಟೋಪಿಯ ಬಟ್ಟೆಗೆ ಆವಿ ಹಿಡಿಸಿ ಆಕಾರ ಕೊಡುವುದು ಅವುಗಳ ಮೇಲೆಯೇ. ಕಣ್ಣು ಮೂಗು ಯಾವುದಕ್ಕೂ ಇಲ್ಲ, ಆದರೂ ಪ್ರತಿಯೊಂದಕ್ಕೂ ಮಾವ ಇಟ್ಟ ಹೆಸರಿದೆ: ಕಾವಲುಗಾರ, ಬ್ಯಾಂಡ್ ಮೇಷ್ಟ್ರು, ಮುಂಗೋಪಿ, ಪಾಪದವನು. ಎಲ್ಲಕ್ಕಿಂತ ನುಣ್ಣಗೆ, ಎಲ್ಲ ಕಡೆಯಿಂದಲೂ ಒಂದೇ ಸಮ ಗುಂಡಗಿರುವುದರ ಹೆಸರು ಚೆಂಡು. ಅಂಥ ತಲೆ ಯಾರಿಗೂ ಇರುವುದಿಲ್ಲವಾದ್ದರಿಂದ ಅದು ಬಾಗಿಲು ಮುಚ್ಚದಂತೆ ತಡೆಯುವ ಕೆಲಸ ಮಾಡುತ್ತಿತ್ತು. ಕೋಣೆಯ ತುಂಬ ಕಾದ ಉಣ್ಣೆಯ ವಾಸನೆ. ಆ ವಾಸನೆ ಬಂದರೆ ನನಗೆ ಈಗಲೂ ರಜೆ ಶುರುವಾದ ಹಾಗಾಗುತ್ತದೆ.

ಹಿಂದೆ ಬಸ್ ಕಂಡಕ್ಟರರಿಗೆ ಟೋಪಿ ಇತ್ತು, ಬ್ಯಾಂಡಿನವರಿಗೆ ಇತ್ತು, ಹೋಟೆಲಿನ ಬಾಗಿಲು ತೆಗೆಯುವವನಿಗೆ ಜರಿಯಂಚಿನದು, ಶಾಲೆಯ ಮಕ್ಕಳಿಗೆ ನೀಲಿಯದು. ಒಂದೊಂದಾಗಿ ಎಲ್ಲರೂ ಟೋಪಿ ಬಿಟ್ಟರು. ನಾನು ಅಂಚೆ ಹಂಚುವವಳು, ನನ್ನ ಇಲಾಖೆಯೂ ಬಿಟ್ಟಿತು. ಮಾವ ನನ್ನ ಮೇಲೆ ಎಷ್ಟೋ ದಿನ ಮುನಿಸಿಕೊಂಡಿದ್ದ, ನಾನೇ ಸಹಿ ಹಾಕಿ ತೆಗೆಸಿದವಳ ಹಾಗೆ. ಕೊನೆಗೆ ಅಂಗಡಿಗೆ ಬರುವವರೆಂದರೆ ದಾರಿ ಕೇಳುವವರು ಮಾತ್ರ ಎಂದಾದಾಗ ಅತ್ತೆಯ ತಮ್ಮ ಒಂದು ಮಾತು ಹೇಳಿದ. ಅವನದು ಪೇಟೆಯಲ್ಲಿ ಪರದೆ ಅಂಗಡಿ. ಒಳ್ಳೆಯವನು, ಬಾಯಿ ಸ್ವಲ್ಪ ದೊಡ್ಡದು. "ಭಾವ, ಖಾಲಿ ಕೂತು ಯಾಕ್ ಬೇಜಾರ್ ಮಾಡ್ಕೊಳ್ತೀರಾ? ನಮ್ ಅಂಗಡೀಗೆ ಬನ್ನಿ. ನಿಮ್ ಕೈಗೆ ಪರದೆ ಯಾವ ಲೆಕ್ಕ?" ಎಂದ.

ಮಾವ ಒಂದು ದಿನ ಹೋಗಿ ನೋಡಿಬಂದ. ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತ. ಅತ್ತೆ ಎರಡು ಸಲ ಗದರಿಸಿದ ಮೇಲೆ ಬಾಯಿ ಬಿಟ್ಟ.

"ಇಲ್ಲಿಂದ ಶುರು ಮಾಡಿದ್ರೆ ಅಲ್ಲೀವರೆಗೂ ನೆಟ್ಟಗೆ ಹೋಗ್ಬೇಕು ಕಣೇ. ಆಮೇಲೆ ತಿರುಗಿಸ್ಕೊಂಡು ಮತ್ತೆ ನೆಟ್ಟಗೆ. ಎಲ್ಲೂ ಒಂದು ತಿರುವಿಲ್ಲ, ಉಬ್ಬಿಲ್ಲ. ಪರದೇಗೆ ತಲೇನೇ ಇಲ್ಲ."

"ಕಿಟಕಿಗೆ ತಲೆ ಎಲ್ಲಿಂದ ಬರುತ್ತೆ?" ಎಂದಳು ಅತ್ತೆ. ಹಾಗೆಂದರೂ ಅವತ್ತು ಅವನ ತಟ್ಟೆಗೆ ಎರಡು ಸಲ ಬಡಿಸಿದಳು. ಮುಂದಿನ ತಿಂಗಳ ಮೊದಲ ಸೋಮವಾರದಿಂದ ಮಾವ ಪರದೆ ಅಂಗಡಿಗೆ ಹೋಗುವುದೆಂದು ತೀರ್ಮಾನವಾಯಿತು. ಮರದ ತಲೆಗಳನ್ನು ಏನು ಮಾಡುವುದೆಂದು ಯಾರೂ ಕೇಳಲಿಲ್ಲ. ಅವನ ನಗು ಆಗಲೇ ಅರ್ಧಕ್ಕೆ ಇಳಿದಿತ್ತು. ಆ ಅರ್ಧವೂ ನನ್ನ ಮಗಳಿಗೆ ಮೀಸಲು.

ನನ್ನ ಮಗಳಿಗೆ ಆಗ ಇನ್ನೂ ಹಲ್ಲು ಬಂದಿರಲಿಲ್ಲ, ಕೂದಲಂತೂ ಇಲ್ಲವೇ ಇಲ್ಲ. ಅವಳ ಮೂಗು ಅಂಗಿಯ ಗುಂಡಿಯ ಹಾಗಿದೆ ಎಂದು ಮಾವ ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದ. ನನ್ನ ಗಂಡ ರೈಲು ಓಡಿಸುವವನು. ಈ ಕಥೆಯಲ್ಲಿ ಅವನು ಹೆಚ್ಚು ಕಾಣಿಸುವುದಿಲ್ಲ, ಮನೆಯಲ್ಲೂ ಅಷ್ಟೇ. ಹಾಗಾಗಿ ನಾನು ಅಂಚೆಗೆ ಹೊರಟರೆ ಗುಂಡಿ ಮಾವನ ಅಂಗಡಿಯಲ್ಲಿ, ಮರದ ತಲೆಗಳ ನಡುವೆ ಇನ್ನೊಂದು ತಲೆಯಾಗಿ ಇರುತ್ತಿದ್ದಳು.

ನನ್ನ ದಾರಿಯ ಕೊನೆಯಲ್ಲಿ ಒಂದು ಸಂಶೋಧನಾಲಯವಿದೆ. ಒಂದು ದಿನ ಬೆಳಿಗ್ಗೆ ಅದರ ಮೆಟ್ಟಿಲ ಮೇಲೆ ಹೆಂಗಸೊಬ್ಬರು ಕೂತು, ಮೊಣಕಾಲಿಗೆ ಈಜುಟೋಪಿ ಹಾಕಿ ಅದರ ಮೇಲೆ ಪೆನ್ನಿನಿಂದ ಚುಕ್ಕೆ ಇಡುತ್ತಿದ್ದರು. ಅವರ ಕಾಗದಪತ್ರಗಳನ್ನು ತಂದುಕೊಡುವವಳು ನಾನೇ. ಗಣಿತದವರೆಂದು ಮಾತ್ರ ಗೊತ್ತಿತ್ತು. ಗಣಿತ ಓದಿದವರು ಮೊಣಕಾಲಿಗೆ ಟೋಪಿ ಹಾಕಿದರೆ ಸುಮ್ಮನೆ ಹೋಗುವುದು ಹೇಗೆ? ಕೇಳಿಯೇಬಿಟ್ಟೆ.

"ಪುಟ್ಟ ಮಕ್ಕಳಿಗೆ ಶಬ್ದ ಕೇಳಿಸಿದಾಗ ತಲೆಯೊಳಗೆ ಎಲ್ಲಿ ಏನಾಗುತ್ತೆ ಅಂತ ನೋಡ್ತಿದೀವಿ ಕಣಮ್ಮ," ಎಂದರು ಗಣಿತದ ಮೇಡಂ. "ಟೋಪಿ ತುಂಬ ಸಣ್ಣ ಸಣ್ಣ ಬಿಲ್ಲೆ ಇರುತ್ತೆ. ಒಳಗಿಂದ ಬರೋ ಮಿಡಿತಾನ ಅವು ಹಿಡೀತವೆ. ಮಗೂಗೆ ನೋವಿಲ್ಲ, ಏನಿಲ್ಲ, ಮಲಗಿದ್ರೆ ಸಾಕು. ಆದ್ರೆ ಅಂಗಡೀಲಿ ಸಿಗೋ ಟೋಪಿ ಮಕ್ಕಳ ತಲೇಲಿ ನಿಲ್ಲಲ್ಲ, ಜಾರುತ್ತೆ. ಬಿಲ್ಲೆ ಜಾರಿದ್ರೆ ಲೆಕ್ಕ ಎಲ್ಲ ಎಡವಟ್ಟು. ಹೋದ ವಾರ ಒಂದು ಮಗು ಮೂಗಿನಿಂದ ಕೇಳಿಸ್ಕೊಳ್ತಿದೆ ಅಂತ ಉತ್ತರ ಬಂತು."

ನಾನು ಮೆಟ್ಟಿಲ ಮೇಲೆ ಚೀಲ ಇಳಿಸಿ ಕೂತೆ. "ಮೇಡಂ, ನಮ್ಮ ಮಾವ ಇದಾನೆ," ಎಂದೆ.

ಮರುದಿನವೇ ಅವರು ಅಂಗಡಿಗೆ ಬಂದರು. ಮಾವ ಅವರ ತಲೆಯನ್ನು ನೋಡಿ ಕಣ್ಣರಳಿಸಿದ. ಪುಣ್ಯಕ್ಕೆ ಬಾಯಿ ಬಿಡಲಿಲ್ಲ. ಮೇಡಂ ಹಲಗೆಯ ಮೇಲಿನ ತಲೆಗಳನ್ನೆಲ್ಲ ಒಂದು ಸುತ್ತು ನೋಡಿ, ಬಗ್ಗಿ ಬಾಗಿಲ ಸಂದಿಯಿಂದ ಚೆಂಡನ್ನೇ ಎತ್ತಿಕೊಂಡರು. ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

"ನನ್ನ ಗಣಿತಕ್ಕೆ ಇದೇ ಸರಿ," ಎಂದು ಅದನ್ನು ಮೇಜಿನ ಮೇಲಿಟ್ಟರು. "ಟೈಲರ್ರೇ, ಒಂದು ತ್ರಿಕೋಣ ಬರೆದ್ರೆ ಅದರ ಮೂರು ಮೂಲೇಲಿ ಚೌಕದ ಮೂಲೆ ಎಷ್ಟಿರಬಹುದು?"

"ಒಂದು," ಎಂದ ಮಾವ. "ಶಾಲೇಲಿ ಅಷ್ಟು ಕಲ್ತಿದೀನಿ."

"ನಿಮ್ ಟೇಪು ಕೊಡಿ."

ಮೇಡಂ ನೆತ್ತಿಯಿಂದ ನೇರವಾಗಿ ಹಣೆಗೆ, ಚೆಂಡಿನ ಸುತ್ತಳತೆಯ ಕಾಲುಭಾಗದಷ್ಟು, ಟೇಪು ಇಳಿಸಿ ಚಾಕ್‌ಪೀಸಿನಿಂದ ಗೆರೆ ಎಳೆದರು. ನೆತ್ತಿಯಿಂದ ಕಿವಿಯ ಕಡೆಗೆ ಅಷ್ಟೇ ಉದ್ದದ ಇನ್ನೊಂದು ಗೆರೆ. ಆಮೇಲೆ ಹಣೆಯಿಂದ ಕಿವಿಗೆ ಅಡ್ಡಕ್ಕೆ ಮೂರನೆಯದು. ಮಾವ ಮೂಲೆ ನೋಡುವ ತನ್ನ ತಗಡಿನ ಪಟ್ಟಿಯನ್ನು ತಂದು ನೆತ್ತಿಯಲ್ಲಿಟ್ಟ. ಸರಿಯಾಗಿ ಚೌಕ. ಹಣೆಯಲ್ಲಿಟ್ಟ, ಚೌಕ. ಕಿವಿಯಲ್ಲಿಟ್ಟ, ಅಲ್ಲೂ ಚೌಕ. ತಗಡನ್ನು ತಿರುಗಿಸಿ ಮತ್ತೆ ಇಟ್ಟ. ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಅವನು ನಗಲು ಶುರುಮಾಡಿದ. ಎಷ್ಟೋ ತಿಂಗಳಿಂದ ನಾನು ಕೇಳದ ನಗು ಅದು, ಇಡೀ ನಗು. ಅತ್ತೆ ಒಳಗಿನಿಂದ ಸೌಟು ಹಿಡಿದೇ ಓಡಿಬಂದಳು.

"ನೋಡೇ, ಮೂರೂ ಮೂಲೆ ಚೌಕ! ಇಷ್ಟು ವರ್ಷ ಕಣ್ಮುಂದೇನೇ ಇತ್ತು, ಒಂದಿನ ನೋಡ್ಲಿಲ್ಲ!"

"ಬಾಗಿಲಿಗೆ ಕೊಟ್ಟಿದ್ರಿ, ಇನ್ನೆಲ್ಲಿ ನೋಡ್ತೀರಿ," ಎಂದಳು ಅತ್ತೆ.

ಮೇಡಂ ಕುರ್ಚಿ ಎಳೆದುಕೊಂಡು ಕೂತು ಹೇಳುತ್ತಾ ಹೋದರು. ಚಪ್ಪಟೆ ಕಾಗದದ ಮೇಲಿನ ಗಣಿತ ಒಂದು, ಗುಂಡನೆಯ ಮೈಯ ಮೇಲಿನ ಗಣಿತ ಇನ್ನೊಂದು. ಇದಕ್ಕೆ ಗೋಳದ ರೇಖಾಗಣಿತ ಎನ್ನುತ್ತಾರೆ. ಮೊದಲು ಇದು ಬೇಕಾದದ್ದು ಆಕಾಶ ನೋಡುವವರಿಗೆ, ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಎಷ್ಟು ದೂರವೆಂದು ತಿಳಿಯಲು. ಆಮೇಲೆ ಹಡಗಿನವರಿಗೆ. ಎಲ್ಲೋ ಭೂಮಿ ನಡುಗಿದರೆ, ಆ ನಡುಕ ಮೂರು ಕಡೆ ಎಷ್ಟೆಷ್ಟು ಹೊತ್ತಿಗೆ ತಲುಪಿತೆಂದು ನೋಡಿ, ಭೂಮಿಯ ಉಬ್ಬಿನ ಮೇಲೆ ಮೂರು ವೃತ್ತ ಎಳೆದು, ಅವು ಕೂಡುವ ಜಾಗದಲ್ಲಿ ನಡುಗಿದೆ ಎಂದು ಹೇಳುವುದೂ ಇದೇ ಗಣಿತದಿಂದ.

"ನಾನು ಮೊದಲು ಭೂಕಂಪದವರ ಜೊತೆಗಿದ್ದೆ," ಎಂದರು ಮೇಡಂ. "ಈಗ ತಲೆಯೊಳಗಿನ ನಡುಕ ಹುಡುಕ್ತಿದೀನಿ. ತಲೆ ಪೂರ್ತಿ ಗುಂಡಗಿಲ್ಲ ಅನ್ನೋದು ಗೊತ್ತು. ಮೊದಲು ಗುಂಡಗಿದೆ ಅಂತ್ಲೇ ಲೆಕ್ಕ ಹಾಕಿ, ಆಮೇಲೆ ತಿದ್ದಿಕೊಳ್ತೀವಿ. ಆದ್ರೆ ಯಾವ ಬಿಲ್ಲೆ ತಲೆ ಮೇಲೆ ಎಲ್ಲಿದೆ ಅನ್ನೋದು ಕರಾರುವಾಕ್ಕಾಗಿ ಇರಬೇಕು."

"ಅಂದ್ರೆ ಆಕಾಶಕ್ಕೂ ನಮ್ ಗುಂಡಿ ತಲೇಗೂ ಒಂದೇ ಲೆಕ್ಕ?" ಎಂದ ಮಾವ.

"ಒಂದೇ."

ಮಾವ ತೊಟ್ಟಿಲ ಕಡೆ ನೋಡಿದ. ಆಕಾಶ ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು.

ಮೊದಲ ಟೋಪಿ ಗುಂಡಿಯ ತಲೆಗೇ ಎಂದಾಯಿತು. ನಾನು ಸಂತೋಷದಿಂದ ಒಪ್ಪಿದೆ. ಟೋಪಿ ಸರಿಯಾಗಿ ಕೂತರೆ ಮಾವನನ್ನೇ ಸಂಶೋಧನಾಲಯದ ಟೋಪಿ ಕೆಲಸಕ್ಕೆ ಇಟ್ಟುಕೊಳ್ಳುವುದಾಗಿ ಮೇಡಂ ಹೇಳಿದರು. ಇಲ್ಲದಿದ್ದರೆ ದೂರದ ಯಾವುದೋ ಕಂಪನಿಯಿಂದ ತರಿಸುವುದಾಗಿ ಅವರ ಮೇಲಿನವರು ಪಟ್ಟು ಹಿಡಿದಿದ್ದರು. ಅತ್ತೆ ಕ್ಯಾಲೆಂಡರ್ ನೋಡಿದಳು. ಪರದೆ ಅಂಗಡಿಯ ಸೋಮವಾರ ಅಷ್ಟು ದೂರವೇನೂ ಇರಲಿಲ್ಲ. ಹೊರಡುವಾಗ ಮೇಡಂ ಒಂದು ಚಿತ್ರ ಕೊಟ್ಟುಹೋದರು. ದೊಡ್ಡದೊಂದು ವೃತ್ತ, ಮೇಲುಗಡೆ ಮೂಗಿನ ಗುರುತು, ಅಕ್ಕಪಕ್ಕ ಎರಡು ಕಿವಿ, ಒಳಗೆಲ್ಲ ಬಿಲ್ಲೆ ಕೂರಬೇಕಾದ ಜಾಗಕ್ಕೆ ಚುಕ್ಕೆ. ತಲೆಯನ್ನು ಮೇಲಿನಿಂದ ನೋಡಿದ ಹಾಗೆ.

ಎಡವಟ್ಟಾದದ್ದು ಇಲ್ಲಿ. ಇದರಲ್ಲಿ ಯಾರ ತಪ್ಪು ಎಂದು ಇಂದಿಗೂ ಮಾವ, ಮೇಡಂ ಇಬ್ಬರೂ ವಾದ ಮಾಡುತ್ತಾರೆ, ಇಬ್ಬರೂ ತಪ್ಪು ತಮ್ಮದೇ ಎಂದು. ದರ್ಜಿಯ ಕೈಗೆ ಕಾಗದ ಕೊಟ್ಟರೆ ಅವನಿಗೆ ಅದು ಚಿತ್ರವಲ್ಲ, ಬಟ್ಟೆ ಕತ್ತರಿಸುವ ನಮೂನೆ. ಮಾವ ಯಾವಾಗಲೂ ಟೋಪಿಯನ್ನು ಎಸಳು ಎಸಳಾಗಿ ಕತ್ತರಿಸಿ ನೆತ್ತಿಯಲ್ಲಿ ಕೂಡಿಸುವವನು. ಆದರೆ ಇದು ವಿಜ್ಞಾನದ ಟೋಪಿ, ಚುಕ್ಕೆ ಕೂದಲೆಳೆಯಷ್ಟೂ ಆಚೀಚೆ ಆಗಬಾರದು, ಗಣಿತದವರು ಗುಂಡಗಿದ್ದುದನ್ನು ಚಪ್ಪಟೆ ಮಾಡುವ ಲೆಕ್ಕವನ್ನೆಲ್ಲ ಮಾಡಿಯೇ ಕೊಟ್ಟಿದ್ದಾರೆ ಎಂದುಕೊಂಡ. ಅವರೋ, ಟೋಪಿ ಹೊಲಿಯುವವನಿಗೆ ಇದು ಬರೀ ಚಿತ್ರವೆಂದು ಬೇರೆ ಹೇಳಬೇಕೇ ಎಂದುಕೊಂಡಿದ್ದರು. ಹೀಗೆ ಒಬ್ಬರ ಮೇಲೊಬ್ಬರಿಗೆ ಅತಿ ಗೌರವವಿದ್ದು ಕೆಲಸ ಕೆಟ್ಟಿತು.

ಮಾವ ಗುಂಡಿಯ ನೆತ್ತಿಯಿಂದ ಕಿವಿಯವರೆಗೆ ಅಳೆದು, ಅಷ್ಟಕ್ಕೆ ಚಿತ್ರವನ್ನು ದೊಡ್ಡದು ಮಾಡಿ, ಹಿಗ್ಗುವ ಬಟ್ಟೆಯಲ್ಲಿ ದುಂಡಗೆ ರೊಟ್ಟಿಯ ಹಾಗೆ ಕತ್ತರಿಸಿದ. ತಲೆಯ ಮೇಲಿಟ್ಟರೆ ನೆತ್ತಿಯಲ್ಲಿ ಚೆನ್ನಾಗಿ ಕೂತಿತು. ಕೆಳಗೆ ಬರುಬರುತ್ತಾ ಬಟ್ಟೆ ಮಿಗತೊಡಗಿತು. ಕಿವಿಯ ಹತ್ತಿರ ಬರುವಷ್ಟರಲ್ಲಿ ಅಂಚು ತಲೆಯ ಸುತ್ತಳತೆಯ ಒಂದೂವರೆಯಷ್ಟಿತ್ತು. ಮಾವ ತಲೆ ಕೆರೆದುಕೊಂಡ. ಕತ್ತರಿ ಹಾಕಿದರೆ ಚುಕ್ಕೆ ಹೋಗುತ್ತದೆ, ಹಾಕದಿದ್ದರೆ ಟೋಪಿ ಛತ್ರಿಯಾಗುತ್ತದೆ. ಕೊನೆಗೆ ಸುತ್ತಲೂ ನೆರಿಗೆ ಹಿಡಿದು ಹೊಲಿದ.

"ಏನ್ ಮಾವ, ಗೊಂಬೆ ಲಂಗ ಹೊಲಿದ್ಯಾ?" ಎಂದೆ ನಾನು. ನನ್ನ ನಾಲಿಗೆಗೆ ಯಾವಾಗ ತೆಪ್ಪಗಿರಬೇಕೆಂದು ಗೊತ್ತಿಲ್ಲ.

"ಓದಿದೋರು ಕೊಟ್ಟಿರೋದು ಕಣೇ. ಏನೋ ಕಾರಣ ಇರುತ್ತೆ," ಎಂದ. ದನಿಯಲ್ಲಿ ನಂಬಿಕೆ ಇರಲಿಲ್ಲ.

ಸಂಶೋಧನಾಲಯದಲ್ಲಿ ಗುಂಡಿಗೆ ಆ ಟೋಪಿ ಹಾಕಿದರು. ಸುತ್ತ ಗರಿಗರಿ ನೆರಿಗೆ, ನಡುವೆ ಗುಂಡಿಯ ಗಂಭೀರ ಮುಖ. ಹುಟ್ಟುಹಬ್ಬದ ಕೇಕಿಗೆ ಕಣ್ಣು ಬಂದ ಹಾಗಿತ್ತು. ಯಂತ್ರ ನೋಡಿಕೊಳ್ಳುವ ಹುಡುಗಿ ಮೊದಲು ಕಿಸಕ್ಕೆಂದಳು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ಸೇರಿ. ಮೇಡಂ ನಗುತ್ತಲೇ ಹತ್ತಿರ ಬಂದು ಚುಕ್ಕೆಗಳನ್ನು ನೋಡಿದರು. ಎರಡು ಬಿಲ್ಲೆ ಒಂದೇ ನೆರಿಗೆಯೊಳಗೆ ಸೇರಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕಿವಿಯ ಮೇಲಿರಬೇಕಾದದ್ದು ದವಡೆಗೆ ಬಂದಿತ್ತು. ಅವರ ನಗು ನಿಂತಿತು. ನಾನು ತಿರುಗಿ ಮಾವನನ್ನು ನೋಡಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಟೇಪು ಸುತ್ತಿಕೊಳ್ಳುತ್ತಿದ್ದ.

"ನೆರಿಗೆ ಹಾಕೋದು ಪರದೇಗೆ," ಎಂದ. "ಆಗಲೇ ಪರದೆಯವನಾಗ್ಬಿಟ್ಟಿದೀನಿ, ನೋಡು."

ನಕ್ಕದ್ದಕ್ಕೆ ನಾಲಿಗೆ ಕಚ್ಚಿಕೊಂಡೆ. ಅವನ ಕೈಯಲ್ಲಿ ನಾನು ಬೆಳೆದವಳು. ಅವನ ತಲೆ ಹಾಗೆ ತಗ್ಗಿದ್ದನ್ನು ನೋಡಿರಲಿಲ್ಲ.

ಆದರೆ ಮೇಡಂ ಕೈಬಿಡಲಿಲ್ಲ. ಮೇಜಿನ ಮೇಲಿದ್ದ ಭೂಪಟವೊಂದನ್ನು ಎಳೆದು ಮಾವನ ಮುಂದೆ ಹರಡಿದರು. "ಇಲ್ನೋಡಿ ಟೈಲರ್ರೇ, ತುದೀಲಿರೋ ದೇಶಗಳೆಲ್ಲ ಹೇಗೆ ಊದಿಕೊಂಡಿವೆ. ನಿಜವಾಗಿ ಅಷ್ಟು ದೊಡ್ಡವಲ್ಲ. ಗುಂಡಗಿರೋದನ್ನ ಚಪ್ಪಟೆ ಮಾಡಿದ್ರೆ ಎಲ್ಲಾದ್ರೂ ಮೋಸ ಆಗಲೇಬೇಕು, ತಪ್ಪಿಸೋಕೆ ಯಾರಿಗೂ ಆಗಲ್ಲ. ಇದನ್ನ ವರ್ಷಗಟ್ಟಲೆ ಪಾಠ ಹೇಳಿದೋಳು ನಾನು. ಹೇಳಿ ಹೇಳಿ, ಕೊನೆಗೆ ನಿಮ್ ಕೈಗೆ ಚಪ್ಪಟೆ ಚಿತ್ರ ಕೊಟ್ಟೆ."

ಮಾವ ಭೂಪಟದ ತುದಿಯನ್ನು ಬೆರಳಿನಿಂದ ಸವರಿದ. "ಇಲ್ಲೂ ಬಟ್ಟೆ ಮಿಕ್ಕಿದೆ," ಎಂದ ಮೆಲ್ಲಗೆ. ಆಮೇಲೆ ಕೇಳಿದ: "ಹಾಗಾದ್ರೆ ಈ ಚುಕ್ಕೆಗಳಿಗೆ ಅಳತೆ ಎಲ್ಲಿಂದ ಬಂತು?"

"ತಲೆಯಿಂದ. ಮೂಗಿನ ಬುಡದಿಂದ ಹಿಂದಲೆ ಉಬ್ಬಿನವರೆಗೆ ನೆತ್ತಿ ಮೇಲೆ ಹೋದ್ರೆ ಅದರ ಅರ್ಧ. ಕಿವಿಯಿಂದ ಕಿವಿಗೆ ಹೋದ್ರೆ ಅದರ ಅರ್ಧ. ಎರಡೂ ಸೇರೋ ಜಾಗ ನಡುನೆತ್ತಿ. ಆಮೇಲೆ ಪಾಲು ಮಾಡ್ತಾ ಹೋಗೋದು. ಇಷ್ಟು ಇಂಚು ಅಂತ ಇಲ್ಲ. ದೊಡ್ಡ ತಲೆಗೆ ದೊಡ್ಡ ಪಾಲು, ಪುಟ್ಟ ತಲೆಗೆ ಪುಟ್ಟದು."

"ಅಂದ್ರೆ ಅಳತೆ ಬೇಡ," ಎಂದ ಮಾವ. ಗೋಡೆಯ ಕಡೆಗಿದ್ದ ಮುಖ ಈ ಕಡೆ ತಿರುಗಿತ್ತು. "ಮಡಿಕೆ ಸಾಕು."

ಸುತ್ತಿಟ್ಟಿದ್ದ ಟೇಪನ್ನು ಬಿಚ್ಚಿ ಗುಂಡಿಯ ತಲೆಯ ಮೇಲೆ ಹಾಯಿಸಿ, ಎರಡೂ ತುದಿ ಹಿಡಿದು ನಡುವೆ ಮಡಿಚಿದ. ಮೇಡಂ ಆ ಮಡಿಕೆಯ ಮೇಲೆ ಬೆರಳಿಟ್ಟು, "ಅಷ್ಟೇ. ಅದೇ ಗಣಿತ," ಎಂದರು. ಶನಿವಾರ ಇನ್ನೊಂದು ಸಲ ನೋಡೋಣವೆಂದು ಮಾತಾಯಿತು. ಅದರ ಮರುದಿನದ ಮರುದಿನ ಸೋಮವಾರ, ಪರದೆ ಅಂಗಡಿಯದು.

ಆ ವಾರ ಗಣಿತದ ಮೇಡಂ ದಿನಾ ಸಂಜೆ ನಮ್ಮ ಅಂಗಡಿಗೆ ಬರುತ್ತಿದ್ದರು. ಬಂದವರೇ ಮೇಜಿನ ಈ ಕಡೆ ಕೂರುವರು, ಮಾವ ಆ ಕಡೆ, ನಡುವೆ ಒಂದು ಪುಟ್ಟ ಮರದ ತಲೆ. ಅದರ ಹಿಂಭಾಗಕ್ಕೆ ಮಾವ ಉಣ್ಣೆಯ ಚೂರು ಅಂಟಿಸಿ ಅಂಟಿಸಿ ಗುಂಡಿಯ ತಲೆಯನ್ನೇ ಮಾಡಿಟ್ಟಿದ್ದ. ನಡುನಡುವೆ ತೊಟ್ಟಿಲಿನ ಹತ್ತಿರ ಹೋಗಿ ಅಸಲಿ ತಲೆಯನ್ನು ಸವರಿ ಬಂದು ನಕಲಿಯನ್ನು ತಿದ್ದುವನು. ಎಸಳು ಅಗಲವಾಗಿದ್ದರೆ ಹೊಲಿಗೆ ಕಡಿಮೆ, ಆದರೆ ಬಟ್ಟೆ ಉಬ್ಬಿಗೆ ಸರಿಯಾಗಿ ಬಾಗದು. ಸಣ್ಣದಾಗಿದ್ದರೆ ಬಾಗುತ್ತದೆ, ಹೊಲಿಗೆ ಹೆಚ್ಚಿ ಮಗುವಿಗೆ ಒತ್ತುತ್ತದೆ. ಮೇಡಂ ಎಸಳಿನ ಅಂಚು ಎಷ್ಟು ಬಾಗಬೇಕೆಂದು ಲೆಕ್ಕ ಹಾಕುವರು, ಮಾವ ಕತ್ತರಿಸುವನು, ಇಬ್ಬರೂ ಸೇರಿ ಎಳೆದು ನೋಡುವರು. ಒಮ್ಮೆ ಲೆಕ್ಕ ತಪ್ಪುತ್ತಿತ್ತು, ಒಮ್ಮೆ ಕತ್ತರಿ. ತಪ್ಪಿದಾಗಲೆಲ್ಲ ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡುವುದನ್ನು ನೋಡಿ ಅತ್ತೆ, "ಇವರಿಬ್ಬರೂ ಪರಸ್ಪರ ಹೊಗಳೋದು ಬಿಟ್ರೆ ಟೋಪಿ ನಾಳೇನೇ ಆಗುತ್ತೆ," ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಮೂರನೆಯ ಲೋಟಕ್ಕೂ ಚಹಾ ಸುರಿಯುತ್ತಿದ್ದಳು. ಹೊಲಿಗೆಯನ್ನೆಲ್ಲ ಟೋಪಿಯ ಹೊರಮೈಗೆ ತಿರುಗಿಸಿ, ಒಳಗೆ ನುಣುಪಾಗಿ ಬಿಡಬೇಕೆಂಬುದು ಅತ್ತೆಯದೇ ಸಲಹೆ. ತಾನು ಹೇಳಿದ್ದೆಂದು ಅವಳು ಒಪ್ಪುವುದಿಲ್ಲ, ಗಂಡನ ಹುಚ್ಚಿಗೆ ಕುಮ್ಮಕ್ಕು ಕೊಟ್ಟಂತಾಗುತ್ತದಲ್ಲ.

ಶನಿವಾರ ನಾವೆಲ್ಲ ಹೋದೆವು. ಅತ್ತೆ ಬರುವುದಿಲ್ಲವೆಂದು ಹೇಳಿ, ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದಳು. ಮಾವ ಟೋಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದು ತಲೆಯನ್ನೂ ನೋಡಲಿಲ್ಲ. ಆಗಲೇ ನನಗೆ ಅವನ ಭಯ ಎಷ್ಟೆಂದು ಗೊತ್ತಾದದ್ದು.

ಗುಂಡಿ ತಲೆಗೆ ಏನು ಹಾಕಿದರೂ ಕಿತ್ತೆಸೆಯುವವಳು. ಉಣ್ಣೆಯ ಟೋಪಿ, ಹತ್ತಿಯ ಟೋಪಿ, ಟವೆಲು, ನನ್ನ ಕೈ, ಯಾವುದೂ ಅವಳಿಗೆ ಆಗದು. ಮಾವ ಬಗ್ಗಿ ಟೋಪಿಯನ್ನು ನೆತ್ತಿಯಿಂದ ಕೆಳಗೆ ಸವರುತ್ತಾ ಇಳಿಸಿದ. ಎಲ್ಲೂ ಒಂದು ಸುಕ್ಕಿಲ್ಲ. ಗುಂಡಿ ಕೈ ಎತ್ತಿದಳು. ಅವಳು ಟೋಪಿಯನ್ನು ಮುಟ್ಟಿ ನೋಡಿದಳು, ಗಲ್ಲದ ಪಟ್ಟಿಯನ್ನು ಹಿಡಿದು ಬಾಯಿಗೆ ಹಾಕಿಕೊಂಡು ಒಂದಷ್ಟು ಚೀಪಿದಳು, ರುಚಿ ಹಿಡಿಸಲಿಲ್ಲವೆಂದು ಕಾಣುತ್ತದೆ, ಬಿಟ್ಟಳು. ಆಮೇಲೆ ನನ್ನ ತೋಳಿನ ಮೇಲೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

ಮೇಡಂ ಟೇಪು ಹಿಡಿದು ಬಿಲ್ಲೆಗಳನ್ನು ಒಂದೊಂದಾಗಿ ನೋಡಿದರು. ಮಾವ ಅವರ ಬೆರಳನ್ನೇ ನೋಡುತ್ತಿದ್ದ. ನಡುನೆತ್ತಿ, ಹಣೆ, ಎರಡೂ ಕಿವಿಯ ಮೇಲುಗಡೆ, ಹಿಂದಲೆ. ಅವರು ಯಂತ್ರದ ಹುಡುಗಿಗೆ ಸನ್ನೆ ಮಾಡಿದರು. ಎಲ್ಲಿಂದಲೋ ಟಿಕ್, ಟಿಕ್ ಎಂದು ಮೆಲುವಾದ ಸದ್ದು ಶುರುವಾಯಿತು. ಪರದೆಯ ಮೇಲೆ ಗೆರೆಗಳು ಹರಿಯತೊಡಗಿದವು. ಕಂಪ್ಯೂಟರಿನ ಪರದೆ, ಅತ್ತೆಯ ತಮ್ಮನದಲ್ಲ. ಸದ್ದಿನ ಹಿಂದೆಯೇ ಗೆರೆಗಳು ಸಣ್ಣಗೆ ಉಬ್ಬುತ್ತಿದ್ದವು. ಅಂಥ ಉಬ್ಬುಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಲು ಹೊತ್ತು ಬೇಕೆಂದು ನಮ್ಮನ್ನು ಕಾಯಿಸಿದರು. ಅತ್ತೆ ನನ್ನ ಮೊಣಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಮೂರು ದಿನ ಗುರುತು ಉಳಿದಿತ್ತು. ಕೊನೆಗೆ ಗೆರೆಗಳು ಹೋಗಿ ಒಂದು ಗುಂಡನೆಯ ತಲೆಯ ಚಿತ್ರ ಬಂತು. ಅದರೊಳಗೆ, ಎರಡೂ ಕಿವಿಗಳ ಮೇಲುಗಡೆ, ಒಳಕ್ಕೆ, ಎರಡು ಕೆಂಪು ಚುಕ್ಕೆ.

"ಎಲ್ಲಿರಬೇಕೋ ಅಲ್ಲೇ ಇದೆ," ಎಂದರು ಮೇಡಂ. "ಈ ಮಗು ಕಿವಿಯಿಂದಾನೇ ಕೇಳಿಸ್ಕೊಳ್ತಿದೆ!"

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಹೋ ಎಂದರು. ಆ ಗದ್ದಲಕ್ಕೆ ಗುಂಡಿ ಬೆಚ್ಚಿ ಎದ್ದು, ಸುತ್ತ ನೋಡಿ, ಅಳಲು ತುಟಿ ಉಬ್ಬಿಸಿದಳು. ಮಾವ ಓಡಿಬಂದು, "ಗುಂಡೀ, ನನ್ ಗುಂಡೀ!" ಎಂದ. ಇನ್ನೊಂದು ಪರದೆಯಲ್ಲಿ ಹರಿಯುತ್ತಿದ್ದ ಗೆರೆಗಳೆಲ್ಲ ಒಟ್ಟಿಗೆ ಕುಣಿದವು. ಮಗು ಮಿಸುಕಿದ್ದಕ್ಕೆ ಹಾಗಾಗಿದೆ ಎಂದು ಯಂತ್ರದ ಹುಡುಗಿ ಹೇಳಬಂದಳು. ಮೇಡಂ ಅವಳ ಕೈ ಹಿಡಿದು ಸುಮ್ಮನಿರಿಸಿದ್ದನ್ನು ನಾನು ನೋಡಿದೆ. ಮಾವ ನೋಡಲಿಲ್ಲ. ಅವನು ಗೆರೆಗಳನ್ನೇ ನೋಡುತ್ತಾ ನಿಂತಿದ್ದ, ಕಣ್ಣಲ್ಲಿ ನೀರು.

"ಇಷ್ಟು ವರ್ಷ ತಲೆ ಹೊರಗಡೇನೇ ಇದ್ದೆ ಕಣೇ," ಎಂದ ನನಗೆ. "ಒಳಗೆ ಇಷ್ಟೊಂದು ಸಡಗರ ಇದೆ ಅಂತ ಗೊತ್ತೇ ಇರ್ಲಿಲ್ಲ."

ಮೇಡಂ ಅವನ ಮುಂದೆ ಬಂದು ನಿಂತರು. ಸಂಶೋಧನೆಗೆ ಬರುವ ಮಕ್ಕಳೆಲ್ಲರಿಗೂ ಟೋಪಿ ಬೇಕು, ಒಂದೊಂದು ತಲೆಗೆ ಒಂದೊಂದು. ಮಕ್ಕಳು ಮತ್ತೆ ಬರುವಷ್ಟರಲ್ಲಿ ತಲೆ ಬೆಳೆದಿರುತ್ತದೆ, ಆಗ ಮತ್ತೆ ಹೊಸದು. ಮುಗಿಯುವ ಕೆಲಸವಲ್ಲ, ಬರುತ್ತೀರಾ ಎಂದು ಕೇಳಿದರು. ಮಾವ ಅತ್ತೆಯ ಕಡೆ ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನು ಅವಳ ತಲೆಯನ್ನು ಬಿಟ್ಟು ಮುಖ ನೋಡಿದ್ದು ಅಂದೇ ಇರಬೇಕು.

ಅತ್ತೆ ಚೀಲದಿಂದ ಫೋನು ತೆಗೆದು, ನಡುದಾರಿಗೆ ಹೋಗಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ತಮ್ಮನಿಗೆ ಹೇಳಿದಳು:

"ಲೋ, ಸೋಮವಾರ ನಿಮ್ ಭಾವನ್ನ ಕಾಯಬೇಡ ಕಣೋ. ಅವರು ಬರಲ್ಲ. ಅವರಿಗೆ ತಲೆ ಸಿಕ್ತು."

ಆ ಕಡೆಯಿಂದ ಅವನೇನು ಹೇಳಿದನೋ ಗೊತ್ತಿಲ್ಲ. ಅತ್ತೆ ಜೋರಾಗಿ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಗುಂಡಿಯ ಟೋಪಿ ಬಿಚ್ಚಲು ಹೋದರೆ ಅವಳು ಎರಡೂ ಕೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡು ಕಿರುಚಿದಳು. ಮಾವನನ್ನು ಕರೆಯೋಣವೆಂದು ತಿರುಗಿ ನೋಡಿದೆ, ಅವನಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಯಾರೋ ತಾಯಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸರದಿಗೆ ಕಾಯುತ್ತಿದ್ದಳು. ಮಾವ ಅವಳೆದುರು ಮೊಣಕಾಲೂರಿ, ಟೇಪನ್ನು ನಡುವೆ ಮಡಿಚಿ ಹಿಡಿದು, "ಅಮ್ಮಾ, ಒಂದ್ ನಿಮಿಷ ತಲೆ ಕೊಡ್ತೀರಾ?" ಎಂದು ಕೇಳುತ್ತಿದ್ದ.